ಮಂಜಿನಂಗಳದಿಂದ ಪಾಠಶಾಲೆಗೆ: ಕೆನ್ ಡ್ರೈಡನ್ನರ ಎರಡು ಬಾಳು

ವೈದ್ಯನಿಗೆ, ವಕೀಲನಿಗೆ, ಅಧ್ಯಾಪಕನಿಗೆ ವಯಸ್ಸು ಅನುಭವವನ್ನು ತಂದುಕೊಡುತ್ತದೆ. ವೃತ್ತಿನಿರತ ಕ್ರೀಡಾಪಟುವಿನಿಂದಲಾದರೋ ಅದು ವೃತ್ತಿಯನ್ನೇ ಕಸಿದುಕೊಳ್ಳುತ್ತದೆ. ಇತರರು ತಮ್ಮ ಕಸುಬಿನಲ್ಲಿ ಬೇರೂರತೊಡಗುವ ಮೂವತ್ತು ಮೂವತ್ತೈದರ ಪ್ರಾಯದಲ್ಲಿ ಆಟಗಾರನು ನಿವೃತ್ತನಾಗಬೇಕಾಗುತ್ತದೆ. ಆ ಬಳಿಕ ಉಳಿಯುವ ನಾಲ್ಕು ದಶಕಗಳನ್ನು ಅವನು ಯಾವ ಬಲದಿಂದ ಬಾಳಬೇಕು? ಮಕ್ಕಳನ್ನು ಆಟಕ್ಕೂ ಪಾಠಕ್ಕೂ ಅಣಿಗೊಳಿಸುವ ಶಿಕ್ಷಣಸಂಸ್ಥೆಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಇದಕ್ಕೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟವರು ಕೆನಡಾ ದೇಶದ ಐಸ್ ಹಾಕಿ ಆಟಗಾರ ಕೆನ್ ಡ್ರೈಡನ್.

ಐಸ್ ಹಾಕಿ ಕೆನಡಾದ ಜನಜೀವನದಲ್ಲಿ ಹಾಸುಹೊಕ್ಕಾಗಿರುವ ಆಟ. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಳ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟುಗಳು. ಚೆಂಡಿಗೆ ಬದಲಾಗಿ ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಪ್ರತಿ ತಂಡದಿಂದ ಆರು ಮಂದಿ ಅಂಗಳದಲ್ಲಿರುತ್ತಾರೆ. ಅವರಲ್ಲೊಬ್ಬನು 6 ಅಡಿ ಅಗಲ, 4 ಅಡಿ ಎತ್ತರದ ಗೋಲನ್ನು ಕಾಯುವವನು. ಗಂಟೆಗೆ 100 ಮೈಲಿಗೂ ಮೀರಿದ ವೇಗದಲ್ಲಿ ಎರಗಬಲ್ಲ ಬಿಲ್ಲೆಯನ್ನು ತನ್ನ ಮೈಯನ್ನೇ ಒಡ್ಡಿ ತಡೆಯುವುದು ಅವನ ಕೆಲಸ. ಡ್ರೈಡನ್ನರು ಇಂಥ ಗೋಲುರಕ್ಷಕರು. ಆಟವು ಆಚೆ ತುದಿಯಲ್ಲಿ ನಡೆದಿರುವಾಗ, 6 ಅಡಿ 4 ಅಂಗುಲ ಎತ್ತರದ ಈ ಪುರುಷರು ಕೋಲನ್ನು ನೆಲಕ್ಕೂರಿ, ಅದರ ತುದಿಯ ಮೇಲೆ ಕೈಯಿರಿಸಿ, ಗದ್ದವನ್ನು ಆನಿಸಿ ನಿಂತು ನೋಡುತ್ತಿದ್ದ ಭಂಗಿ ಜಗತ್ಪ್ರಸಿದ್ಧವಾಯಿತು. ತಾಳ್ಮೆಯಿಂದ ನಿಂತು ಗಮನಿಸುವ ಆ ಗುಣವೇ ಅವರ ಎರಡನೆಯ ಬಾಳಿಗೂ ಮೂಲಧನವಾಯಿತೆಂದರೆ ತಪ್ಪಾಗದು.

ಅವರು ಜನಿಸಿದ್ದು 1947ರಲ್ಲಿ, ಹ್ಯಾಮಿಲ್ಟನ್ ನಗರದಲ್ಲಿ. ಬೆಳೆದದ್ದು ಟೊರಾಂಟೊ ಬಳಿಯ ಇಟೋಬಿಕೋಕ್‌ನಲ್ಲಿ. 1964ರಲ್ಲಿ, ಇನ್ನೂ ಹದಿನಾರರ ಬಾಲಕರಾಗಿದ್ದಾಗಲೇ, ಬಾಸ್ಟನ್ನಿನ ವೃತ್ತಿಪರ ತಂಡವು ಅವರ ಹೆಸರನ್ನು ಆಯ್ದುಕೊಂಡಿತ್ತು. ಮುಂದೆ ಆ ಹಕ್ಕು ಮಾಂಟ್ರಿಯಲ್ ತಂಡದ ಪಾಲಾಯಿತು. ಆ ಕಾಲದ ಪ್ರತಿಭಾವಂತ ಹುಡುಗರು ಓದನ್ನು ಬದಿಗಿರಿಸಿ ಆಟವನ್ನೇ ನೆಚ್ಚುವುದು ವಾಡಿಕೆ. ಡ್ರೈಡನ್ನರು ಹಾಗೆ ಮಾಡದೆ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯವನ್ನು ಸೇರಿ, 1969ರಲ್ಲಿ ಇತಿಹಾಸದಲ್ಲಿ ಪದವಿ ಪಡೆದರು. ಆಟವೂ ಕುಂದಲಿಲ್ಲ: ಆ ಮೂರು ಋತುಗಳಲ್ಲಿ ಅವರು ಸೋತದ್ದು ನಾಲ್ಕೇ ಪಂದ್ಯಗಳನ್ನು.

1971ರ ಮಾರ್ಚ್ ತಿಂಗಳಲ್ಲಿ, ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಯಾಗಿದ್ದ ಅವರಿಗೆ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದಿಂದ ಕರೆ ಬಂದಿತು. ಆರೇ ಪಂದ್ಯಗಳನ್ನಾಡಿದ ಈ ಹೊಸಬರನ್ನು ನಿರ್ಣಾಯಕ ಸುತ್ತುಗಳಲ್ಲಿ ಗೋಲಿಗೆ ನಿಲ್ಲಿಸಲಾಯಿತು. ಹಿಂದಿನ ವರ್ಷದ ವಿಜೇತರಾದ ಬಾಸ್ಟನ್ ತಂಡವನ್ನು ಮಣಿಸಿ, ಕೊನೆಯಲ್ಲಿ ಷಿಕಾಗೋ ತಂಡವನ್ನೂ ಸೋಲಿಸಿ ಮಾಂಟ್ರಿಯಲ್ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು. ಆ ಸುತ್ತುಗಳ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಡ್ರೈಡನ್ನರದಾಯಿತು. ವರ್ಷದ ಅತ್ಯುತ್ತಮ ಹೊಸ ಆಟಗಾರನೆಂಬ ಪ್ರಶಸ್ತಿ ಬಂದದ್ದು ಅದರ ಮರುವರ್ಷ!

1973ರಲ್ಲಿ ಕಾನೂನು ಪದವಿ ಕೈಸೇರಿತು. ಅದೇ ವರ್ಷ ಸಂಭಾವನೆಯ ವಿಷಯದಲ್ಲಿ ತಂಡದೊಡನೆ ಒಪ್ಪಂದವಾಗದಿರಲು, ಕೀರ್ತಿಯ ಶಿಖರದಲ್ಲಿದ್ದ ಈ ಆಟಗಾರರು ಒಂದು ಇಡೀ ಋತು ಅಂಗಳದಿಂದ ದೂರ ಸರಿದು, ಟೊರಾಂಟೊದ ವಕೀಲರ ಕಚೇರಿಯೊಂದರಲ್ಲಿ ವಾರಕ್ಕೆ 134 ಡಾಲರ್ ವೇತನಕ್ಕೆ ಅಭ್ಯಾಸಿಯಾಗಿ ದುಡಿದರು. ಓದನ್ನು ಬಿಡದವನಿಗೆ ಮಾತ್ರ ಸಾಧ್ಯವಾಗುವ ಸ್ವಾತಂತ್ರ್ಯವಿದು. ಮರಳಿ ಬಂದ ಮೇಲೆ 1976ರಿಂದ 1979ರವರೆಗೆ ಸತತವಾಗಿ ನಾಲ್ಕು ಬಾರಿ, ಒಟ್ಟಿನಲ್ಲಿ ಆರು ಬಾರಿ, ಅವರ ತಂಡಕ್ಕೆ ಸ್ಟ್ಯಾನ್ಲಿ ಕಪ್ ಒಲಿಯಿತು. ಲೀಗಿನ 397 ಪಂದ್ಯಗಳಲ್ಲಿ ಅವರ ಪಾಲಿಗೆ ಬಂದ ಸೋಲುಗಳು 57 ಮಾತ್ರ. 1979ರಲ್ಲಿ, 31ರ ಪ್ರಾಯದಲ್ಲಿ, ಯಾರೂ ಹೋಗೆನ್ನುವ ಮುನ್ನವೇ ಅವರು ಆಟಕ್ಕೆ ವಿದಾಯ ಹೇಳಿದರು.

ಎರಡನೆಯ ಬಾಳು ಲೇಖನಿಯಿಂದ ಮೊದಲಾಯಿತು. 1983ರಲ್ಲಿ ಪ್ರಕಟವಾದ ‘ದಿ ಗೇಮ್’ ಕೃತಿಯು ಗೆಲುವುಗಳ ಪಟ್ಟಿಯಲ್ಲ. ಪಯಣದ ಬೇಸರ, ಸೋಲಿನ ಭಯ, ಸಹ ಆಟಗಾರರ ಸ್ವಭಾವ, ಇವೆಲ್ಲವನ್ನೂ ಒಳಗಣ್ಣಿನಿಂದ ಕಂಡ ಬರಹ. ಕ್ರೀಡೆಯನ್ನು ಕುರಿತ ಶ್ರೇಷ್ಠ ಗ್ರಂಥಗಳಲ್ಲಿ ಅದನ್ನು ಎಣಿಸುತ್ತಾರೆ. ಮುಂದೆ ಅವರು ಒಂಟಾರಿಯೊ ಪ್ರಾಂತ್ಯದ ಯುವಜನ ಆಯುಕ್ತರಾದರು. ಶಾಲೆಯ ಬಗೆಗೆ ದೂರದಿಂದ ಅಭಿಪ್ರಾಯ ಹೇಳುವುದು ಅವರಿಗೆ ಒಗ್ಗದು. ಮಿಸ್ಸಿಸಾಗಾ ನಗರದ ಪ್ರೌಢಶಾಲೆಯೊಂದರಲ್ಲಿ ಒಂದು ಶಾಲಾವರ್ಷವನ್ನು ಕಳೆದು, ಮಕ್ಕಳ ನಡುವೆ ಕುಳಿತು ಪಾಠ ಕೇಳಿ, 1995ರಲ್ಲಿ ‘ಇನ್ ಸ್ಕೂಲ್’ ಎಂಬ ಗ್ರಂಥ ಬರೆದರು. ಅಸಾಧಾರಣ ಪ್ರತಿಭೆಯ ಮಗುವನ್ನು ಗುರುತಿಸುವುದು ಸುಲಭ. ಸದ್ದಿಲ್ಲದೆ ಕುಳಿತಿರುವ ಸಾಮಾನ್ಯ ವಿದ್ಯಾರ್ಥಿಯನ್ನು ತಲುಪುವುದೇ ಶಿಕ್ಷಕನಿಗೆ ನಿಜವಾದ ಒರೆಗಲ್ಲು. ಆರು ಕಪ್ಪುಗಳನ್ನು ಗೆದ್ದವರ ಗಮನ ಅಂಥ ವಿದ್ಯಾರ್ಥಿಯತ್ತ ಹರಿದದ್ದು ಸಣ್ಣ ಸಂಗತಿಯಲ್ಲ.

ಈ ಒಲವು ಮನೆಯಲ್ಲಿಯೇ ಚಿಗುರಿದ್ದು. ತಂದೆ ಮರ್ರೆ, ತಾಯಿ ಮಾರ್ಗರೆಟ್ ದಂಪತಿಗಳು 1970ರಲ್ಲಿ ಸ್ಥಾಪಿಸಿದ ಸೇವಾಸಂಸ್ಥೆಯು ಭಾರತವೂ ಸೇರಿದಂತೆ ಹಲವು ದೇಶಗಳ ಬಡಮಕ್ಕಳಿಗೆ ಹಾಸಿಗೆ, ಹೊದಿಕೆ, ಸೊಳ್ಳೆಪರದೆ, ಶಾಲಾಸಾಮಗ್ರಿಗಳನ್ನು ಹಂಚುತ್ತ ಬಂದಿದೆ. ಅಣ್ಣ ಡೇವ್ ಸಹ ಗೋಲುರಕ್ಷಕರಾಗಿದ್ದು, ಅಧ್ಯಾಪಕರೂ ಮುಖ್ಯೋಪಾಧ್ಯಾಯರೂ ಆಗಿದ್ದವರು.

2004ರಲ್ಲಿ ಕೆನ್ ಡ್ರೈಡನ್ನರು ಸಂಸತ್ತಿಗೆ ಆಯ್ಕೆಯಾಗಿ ಸಾಮಾಜಿಕ ಅಭಿವೃದ್ಧಿ ಸಚಿವರಾದರು. ಶಿಶುಗಳ ಪಾಲನೆ ಹಾಗೂ ಪೂರ್ವಪ್ರಾಥಮಿಕ ಕಲಿಕೆಗಾಗಿ ಐದು ವರ್ಷಗಳಲ್ಲಿ 500 ಕೋಟಿ ಡಾಲರ್ ವಿನಿಯೋಗಿಸುವ ಯೋಜನೆಯೊಂದಕ್ಕೆ ಹತ್ತೂ ಪ್ರಾಂತ್ಯಗಳ ಸಮ್ಮತಿ ದೊರಕಿಸಿದರು. 2006ರಲ್ಲಿ ಸರ್ಕಾರ ಬದಲಾಗಲು ಆ ಯೋಜನೆ ರದ್ದಾಯಿತು. ಆಟದಲ್ಲಿ ಕಾಣದಷ್ಟು ದೊಡ್ಡ ಸೋಲಿದು. ಆದರೆ ಅದೇ ಆಶಯವನ್ನು ಕೆನಡಾ ಸರ್ಕಾರವು 2021ರಲ್ಲಿ ಮತ್ತೆ ಕೈಗೆತ್ತಿಕೊಂಡಿತು. 2011ರ ಚುನಾವಣೆಯಲ್ಲಿ ಪರಾಭವಗೊಂಡ ಡ್ರೈಡನ್ನರು ಪುನಃ ಬರವಣಿಗೆಗೆ ಮರಳಿದರು.

ಎಲ್ಲ ಆಟಗಾರರಿಗೂ ಎರಡನೆಯ ಬಾಳು ದೊರೆಯುವುದಿಲ್ಲವೆಂಬುದನ್ನು ಅವರು ಮರೆಯಲಿಲ್ಲ. ಸ್ಟೀವ್ ಮೊಂಟಡಾರ್ ಎಂಬ ಆಟಗಾರರು ತಲೆಗೆ ಮೇಲಿಂದ ಮೇಲೆ ಪೆಟ್ಟು ತಿಂದು, 2015ರಲ್ಲಿ 35ರ ಪ್ರಾಯದಲ್ಲಿಯೇ ತೀರಿಕೊಂಡರು. ಅವರ ಮೆದುಳು ರೋಗಗ್ರಸ್ತವಾಗಿದ್ದುದು ಮರಣಾನಂತರದ ಪರೀಕ್ಷೆಯಿಂದ ತಿಳಿದುಬಂದಿತು. ಅವರ ಕಥೆಯನ್ನು 2017ರ ‘ಗೇಮ್ ಚೇಂಜ್’ ಗ್ರಂಥದಲ್ಲಿ ನಿರೂಪಿಸಿದ ಡ್ರೈಡನ್ನರು, ತಲೆಗೆ ಬೀಳುವ ಯಾವ ಹೊಡೆತಕ್ಕೂ ಆಟದಲ್ಲಿ ಕ್ಷಮೆಯಿರಕೂಡದೆಂದು ವಾದಿಸಿದರು. ತಮಗೆ ಅನ್ನವನ್ನೂ ಕೀರ್ತಿಯನ್ನೂ ಕೊಟ್ಟ ಆಟದ ದೋಷವನ್ನು ಎತ್ತಿ ಹೇಳುವುದಕ್ಕೆ ಬೇಕಾದ ಧೈರ್ಯ, ಬಿಲ್ಲೆಗೆ ಎದೆಯೊಡ್ಡುವ ಧೈರ್ಯಕ್ಕಿಂತ ಕಡಿಮೆಯದಲ್ಲ.

2023ರಲ್ಲಿ ಬಂದ ‘ದಿ ಕ್ಲಾಸ್’ ಎಂಬ ಕೃತಿಗೆ ವಸ್ತು, 1960ರಲ್ಲಿ ಇಟೋಬಿಕೋಕ್‌ನ ಶಾಲೆಯ ಒಂಬತ್ತನೆಯ ತರಗತಿಗೆ ಕಾಲಿಟ್ಟ ಅವರ ಸಹಪಾಠಿಗಳ ಬಾಳು. ಅರವತ್ತು ವರ್ಷಗಳ ಬಳಿಕ ಅವರನ್ನು ಹುಡುಕಿ ಮಾತನಾಡಿಸಿ, ಪ್ರತಿಯೊಬ್ಬರೂ ನಡೆದ ದಾರಿಯನ್ನು ದಾಖಲಿಸಿದರು. ಅಲ್ಲಿ ಲೋಕವಿಖ್ಯಾತ ಗೋಲುರಕ್ಷಕರು ಹಲವು ವಿದ್ಯಾರ್ಥಿಗಳಲ್ಲಿ ಒಬ್ಬರಷ್ಟೆ. ಭಾರತದಲ್ಲಿ ಶಿಕ್ಷಕರ ದಿನವಾದ ಸೆಪ್ಟೆಂಬರ್ 5ರಂದು, 2025ರಲ್ಲಿ, 78ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಡ್ರೈಡನ್ನರ ಪ್ರತಿಭೆ ಎಲ್ಲ ಮಕ್ಕಳಿಗೂ ಬರುವುದಿಲ್ಲ. ಆದರೆ ಆಟದ ಉತ್ಕರ್ಷದಲ್ಲಿಯೂ ಪುಸ್ತಕವನ್ನು ಕೆಳಗಿಡದ ಅವರ ವಿವೇಕವನ್ನು ಯಾವ ಶಾಲೆಯಾದರೂ ಕಲಿಸಬಹುದು. ಕಾಯಕವು ಬದಲಾಗಬಹುದು, ಕಾಯಕನಿಷ್ಠೆ ಬದಲಾಗಬೇಕಿಲ್ಲ. ಬಹುಮಾನದ ಬಟ್ಟಲನ್ನು ಹಿಡಿದು ನಿಂತ ಬಾಲಕನಿಗೆ ಚಪ್ಪಾಳೆ ತಟ್ಟುವ ಗುರುಹಿರಿಯರು, ಅವನ ನಲವತ್ತನೆಯ ವರ್ಷವನ್ನೂ ನೆನೆದು ಅವನನ್ನು ಅಣಿಗೊಳಿಸಿದರೆ, ಆ ಚಪ್ಪಾಳೆ ಸಾರ್ಥಕವಾದೀತು.