ಸುಟ್ಟ ಗಾಯವೂ ವೈದ್ಯನ ವರದಿಯೂ

ಬೆಂಕಿಯಿಂದ ಮೈಬೆಂದವರು ಆಸ್ಪತ್ರೆಗೆ ಬಂದಾಗ ವೈದ್ಯನಿಗೆ ಎರಡು ಕರ್ತವ್ಯಗಳು ಒದಗುವುವು. ಚಿಕಿತ್ಸೆಯು ಮೊದಲನೆಯದು, ವರದಿಯು ಎರಡನೆಯದು. ಎರಡನೆಯದು ಕೇವಲ ಪೋಲೀಸರಿಗೆ ಸಂಬಂಧಿಸಿದುದೆಂದು ತೋರಬಹುದು. ಆದರೆ ಅದರ ತಿರುಳು ಆಡಿದ ಮಾತನ್ನು ಬರಹಕ್ಕಿಳಿಸುವುದೇ ಆಗಿರುವುದರಿಂದ, ಭಾಷಾಭ್ಯಾಸಿಗಳೂ ಅದನ್ನು ವಿಚಾರಿಸತಕ್ಕುದಾಗಿದೆ.

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಮೈಯ ನೂರರಲ್ಲಿ 5 ಪಾಲು ಅಥವಾ ಅದಕ್ಕೂ ಹೆಚ್ಚು ಸುಟ್ಟಿದ್ದರೆ ವೈದ್ಯನು ಸಂಸ್ಥಾನದ ಅಗ್ನಿಶಾಮಕ ಅಧಿಕಾರಿಗೆ ತಿಳಿಸಲೇಬೇಕು. ನಮ್ಮಲ್ಲಿ ಹೀಗೆ ಪ್ರಮಾಣವನ್ನು ಗೊತ್ತುಮಾಡಿದ ಸಾಮಾನ್ಯ ಶಾಸನವಿಲ್ಲ. ಆಮ್ಲದಾಳಿಗೆ ಗುರಿಯಾದವರ ಮಟ್ಟಿಗೆ ಸ್ಪಷ್ಟ ವಿಧಿಯುಂಟು. 2013ರಲ್ಲಿ ದಂಡಪ್ರಕ್ರಿಯಾ ಸಂಹಿತೆಗೆ ಸೇರಿದ ಆ ವಿಧಿಯು ಈಗ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಕಲಮಾಗಿದೆ. ಸರಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಂದು ಆಸ್ಪತ್ರೆಯೂ ಅಂಥವರಿಗೆ ಕೂಡಲೆ ಉಚಿತವಾಗಿ ಚಿಕಿತ್ಸೆಮಾಡಿ ಪೋಲೀಸರಿಗೆ ತಿಳಿಸಬೇಕು. ಒಲೆಯ ಉರಿ ತಗಲಿತೆಂದು ಹೇಳಿ ಕರೆತಂದವರ ವಿಷಯದಲ್ಲಾದರೋ, 'ಎಂ.ಎಲ್.ಸಿ.' ಎಂದು ದಾಖಲೆಮಾಡಿ ಠಾಣೆಗೆ ತಿಳಿಸುವ ಆಸ್ಪತ್ರೆಯ ರೂಢಿಯೇ ಮುಖ್ಯ ಆಧಾರವಾಗಿದೆ.

ಈ ರೂಢಿಯು ಸಡಿಲವಾದರೆ ಆಗುವ ಹಾನಿಯು ಅಲ್ಪವಲ್ಲ. ಮದುವೆಯಾದ 7 ವರ್ಷಗಳೊಳಗೆ ಹೆಂಗಸು ಸುಟ್ಟಗಾಯದಿಂದ ಸತ್ತು, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆಗೊಳಗಾಗಿದ್ದಳೆಂದು ಸಿದ್ಧವಾದರೆ, ಅದನ್ನು 1986ರಿಂದ ಕಾನೂನು ವರದಕ್ಷಿಣೆಯ ಸಾವೆಂದು ಎಣಿಸುತ್ತದೆ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಗಂಡನ ಮನೆಯವರು ಸುತ್ತ ನಿಂತಿರುವಾಗ 'ಸ್ಟೋವು ಸಿಡಿಯಿತು' ಎಂಬ ಮಾತೊಂದೇ ಹೊರಡಬಹುದು.

ಮೃತರ ಮಾತು ಸಾಕ್ಷ್ಯವಾಗುವುದಕ್ಕೆ 1872ರ ಸಾಕ್ಷ್ಯ ಶಾಸನದ 32ನೆಯ ಕಲಮು ಎಡೆಗೊಟ್ಟಿತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 26ನೆಯದು. ಮರಣಕಾಲದ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಪ್ರಶ್ನೋತ್ತರ ರೂಪದಲ್ಲಿ, ಸಾಧ್ಯವಾದಮಟ್ಟಿಗೆ ಹೇಳಿದವರ ಮಾತುಗಳಲ್ಲಿಯೇ ಬರೆದುಕೊಂಡಿದ್ದರೆ ಅದಕ್ಕೆ ಬೆಲೆ ಹೆಚ್ಚೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಖುಶಾಲರಾವ್ ಮೊಕದ್ದಮೆಯಲ್ಲಿ ಹೇಳಿತು.

'ಹೇಳಿದವರ ಮಾತುಗಳಲ್ಲಿ' ಎಂಬುದರ ಗುರುತ್ವವು ರೋಣ ಸೀಮೆಯ ಸವಡಿಯಂಥ ಊರನ್ನು ನೆನೆದರೆ ವಿಶದವಾಗುವುದು. ಅಲ್ಲಿಯ ಗಾಯಾಳುವನ್ನು ರೋಣಕ್ಕೂ, ಗದಗಿಗೂ, ಗಾಯ ಘೋರವಾಗಿದ್ದರೆ ಹುಬ್ಬಳ್ಳಿಗೂ ಒಯ್ಯಬೇಕಾದೀತು. ಎಡೆಯೆಡೆಗೆ ಬೇರೆಬೇರೆಯವರು ಕೇಳಿ ಬರೆದರೆ ಒಂದೇ ಘಟನೆಗೆ ಮೂರು ಪಾಠಗಳು ಹುಟ್ಟುವುವು. 'ಬೆಂಕಿ ಹತ್ತಿತು' ಎಂದರೆ ಅಕರ್ಮಕ. ಅಲ್ಲಿ ಕರ್ತೃವಾದ ಮನುಷ್ಯನಿಲ್ಲ. 'ಬೆಂಕಿ ಹಚ್ಚಿದರು' ಎಂದರೆ ಸಕರ್ಮಕ, ಅಲ್ಲಿ ಕೈಯೊಂದುಂಟು. ಹತ್ತು, ಹಚ್ಚು ಎಂಬ ಈ ಜೋಡಿ ಧಾತುಗಳ ಒಂದಕ್ಷರದ ಭೇದದಲ್ಲಿ ಆಕಸ್ಮಿಕಕ್ಕೂ ಕೊಲೆಗೂ ಇರುವ ಭೇದವೇ ಅಡಗಿದೆ. ಬರೆಯುವವನು ಇವೆರಡನ್ನೂ ಇಂಗ್ಲಿಷಿಗೆ ತಿರುಗಿಸಿ 'ಸುಟ್ಟಗಾಯಗಳಾಗಿವೆ' ಎಂಬರ್ಥದ ಒಂದೇ ವಾಕ್ಯವನ್ನಿಟ್ಟರೆ, ಆ ಕೈಯು ದಾಖಲೆಯಿಂದ ಮರೆಯಾಗುವುದು.

ಆದುದರಿಂದ ವರದಿಯು ಕಡ್ಡಾಯವಾದರೆ ಮಾತ್ರ ಸಾಲದು. ಬಂಧುಗಳನ್ನು ದೂರವಿರಿಸಿ, ಕೇಳಿದ ಪ್ರಶ್ನೆಯನ್ನೂ ಬಂದ ಉತ್ತರವನ್ನೂ ಆ ಸೀಮೆಯ ಕನ್ನಡದಲ್ಲಿಯೇ ಬರೆದಿಡಬೇಕು. ಓಲೆಗರಿಯ ಪಾಠವು ಕೆಟ್ಟರೆ ಬೇರೊಂದು ಪ್ರತಿಯನ್ನು ಹುಡುಕಬಹುದು. ಸಾಯುವವಳ ಮಾತಿಗೆ ಎರಡನೆಯ ಪ್ರತಿ ದೊರೆಯದೆ ಹೋಗಬಹುದು.