ಕೊನೆಯವನೇ ಮುಂದಾಳು

ಪುಣೆಯಲ್ಲಿ ಕೆಲಸಕ್ಕಿರುವ ನಮ್ಮಲ್ಲಿ ಬಹಳಷ್ಟು ಮಂದಿಗೆ ಊರೆಂದರೆ ಮನೆಯಿಂದ ಹಿಂಜವಡಿ, ಹಿಂಜವಡಿಯಿಂದ ಮನೆ. ಪಶ್ಚಿಮಕ್ಕೆ ಒಂದು ಗಂಟೆ ಹೋದರೆ ಸಹ್ಯಾದ್ರಿಯ ತಪ್ಪಲು ಸಿಗುತ್ತದೆ. ಕಾರಿನಲ್ಲಿ ಹೋದವರಿಗೆ ಅಲ್ಲಿನ ಬೆಟ್ಟ ಕಾಣುತ್ತದೆ, ಏರು ಕಾಣುವುದಿಲ್ಲ. ಅದು ಗೊತ್ತಾಗುವುದು ಸೈಕಲ್ ತುಳಿಯುವ ತೊಡೆಗೆ.

ಕಳೆದ ಚಳಿಗಾಲದ ಒಂದು ಭಾನುವಾರ ಏಳು ಮಂದಿ ಕನ್ನಡಿಗರು ಹೊರಟೆವು. ಚಾಂದನಿ ಚೌಕದಿಂದ ಪಿರಂಗುಟ್ ಘಾಟ್ ದಾಟಿ ಪೌಡ್, ಕೋಳವಣ ಕಣಿವೆ, ತಿಕೋನಾ ಕೋಟೆಯ ಬುಡ, ಪವನಾನಗರ, ಅಲ್ಲಿಂದ ದುಧಿವರೆ ಖಿಂಡ ಹತ್ತಿ ಲೋಣಾವಳಾ. ಇದು ನಮ್ಮ ಯೋಜನೆ. ಪೌಡ್‌ನಿಂದಾಚೆಗಿನ ದಾರಿ ಯಾರಿಗೂ ಪರಿಚಯವಿರಲಿಲ್ಲ.

ಪರಿಚಯವಿಲ್ಲದ ಬೆಟ್ಟದ ದಾರಿಯಲ್ಲಿ ಕಿಲೋಮೀಟರ್ ಲೆಕ್ಕ ಕೈಕೊಡುತ್ತದೆ. ಬಯಲಿನಲ್ಲಿ 20 ಕಿ.ಮೀ. ಒಂದು ಗಂಟೆಯ ಮಾತು. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಅದೇ ಕಾಲು ಗಂಟೆಗೆ ಏಳೆಂಟು ಕಿ.ಮೀ. ತುಳಿದರೆ ಹೆಚ್ಚು. ದಾರಿಯಲ್ಲಿ ಕೇಳಿದರೆ ಹಳ್ಳಿಯವರು ‘ಥೋಡಾಚ್ ಚಢ್ ಆಹೆ’ ಅನ್ನುತ್ತಾರೆ. ಸ್ವಲ್ಪವೇ ಏರು! ನಮ್ಮ ಕಡೆಯ ‘ಇಲ್ಲೇ ಐತ್ರಿ’ ಎಂಬ ಮಾತಿಗೆ ಇದು ಮರಾಠಿ ಅಣ್ಣ.

ಅದಕ್ಕೇ ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೆವು. ಸಾಲಾಗಿ ಹೋಗಬೇಕು, ಗುಂಡಿ ಕಂಡರೆ ಕೈ ತೋರಿಸಿ ಕೂಗಬೇಕು. ಏರು ಬರುವ ಮೊದಲೇ ಗೇರ್ ಇಳಿಸಬೇಕು. ಇಳಿಜಾರಿನಲ್ಲಿ ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿಯಬೇಕು. ತಿರುವಿನೊಳಗೆ ಮರಳಿದ್ದರೆ ಅಲ್ಲಿ ಹಿಡಿದ ಬ್ರೇಕ್ ಬೀಳಿಸುತ್ತದೆ. ಕಣಿವೆಯಲ್ಲಿ ಸಿಗ್ನಲ್ ಹೋಗುವುದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಬೇಕು. ಪ್ರತಿ ಕವಲಿನಲ್ಲೂ ಎಲ್ಲರೂ ಸೇರುವವರೆಗೆ ನಿಲ್ಲಬೇಕು.

ನಮ್ಮಲ್ಲಿ ಅಫಜಲಪುರ ಕಡೆಯ ಹುಡುಗನೊಬ್ಬನಿದ್ದ. ಪುಣೆಗೆ ಬಂದು ಮೂರು ತಿಂಗಳು, ಬೆಟ್ಟದ ರಸ್ತೆ ಇದೇ ಮೊದಲು. ಪ್ರತಿ ಏರಿನಲ್ಲೂ ಅವನು ಹಿಂದೆ ಬೀಳುತ್ತಿದ್ದ. ಮೇಲೆ ಹತ್ತಿದವರು ನೀರು ಕುಡಿದು, ಫೋಟೋ ತೆಗೆದು ದಣಿವಾರಿಸಿಕೊಳ್ಳುವಷ್ಟರಲ್ಲಿ ಅವನು ಏದುಸಿರು ಬಿಡುತ್ತ ಬರುತ್ತಿದ್ದ. ‘ಬಂದ್ಯಾ? ಸರಿ, ಹೊರಡೋಣ’ ಎಂದು ಎಲ್ಲರೂ ಸೈಕಲ್ ಹತ್ತುತ್ತಿದ್ದರು. ಹೆಚ್ಚು ದಣಿದವನಿಗೇ ವಿಶ್ರಾಂತಿಯಿಲ್ಲ!

ಇದನ್ನು ಗಮನಿಸಿದವರು ತಂಡದ ಹಿರಿಯರಾದ ಧಾರವಾಡದ ಅಕ್ಕ. ತಿಕೋನಾದ ಬುಡದಲ್ಲಿ ಅವರು ಹೊಸ ಕಟ್ಟಳೆ ಹಾಕಿದರು: ‘ಕಡೀಕ ಬಂದಾಂವ ಹತ್ತು ನಿಮಿಷ ಕೂತ ಮ್ಯಾಲೆ ಹೊರಡೂದು. ಹೊತ್ತಾದ್ರ ಆಗ್ಲಿ.’ ಅಲ್ಲಿಂದ ಅವನನ್ನು ಮುಂದಿನ ಸವಾರನ ಬೆನ್ನಿಗೇ ಬಿಟ್ಟರು. ಮುಂದಿನವರು ತಿರುಗಿ ನೋಡಿ ನೋಡಿ ವೇಗ ಇಳಿಸಿದರು. ತಂಡ ಒಡೆಯಲಿಲ್ಲ.

ಪವನಾನಗರದ ಕವಲಿನಲ್ಲಿ ಅವನ ಮೀನಖಂಡ ಹಿಡಿದುಕೊಂಡಿತು. ಎಡಕ್ಕೆ ಹೋದರೆ ದುಧಿವರೆ ಖಿಂಡದ ಕಡಿದಾದ ಏರು. ಇನ್ನೊಂದು ದಾರಿ ಕಾಮಶೇತ್‌ಗೆ, ಹಳೆಯ ಮುಂಬೈ ಹೆದ್ದಾರಿಗೆ. ಇಬ್ಬರಿಗೆ ಖಿಂಡ ಬಿಡಲು ಮನಸ್ಸಿಲ್ಲ. ‘ನೀವು ಹೋಗ್ರಿ, ನಾ ಟೆಂಪೋ ಹಿಡಿತೀನಿ’ ಎಂದ ಹುಡುಗ. ಅವನಿಗೆ ಮರಾಠಿ ಬಾರದು, ಫೋನಿನಲ್ಲಿ ಸಿಗ್ನಲ್ ಇಲ್ಲ. ಚಹಾ ಟಪರಿಯ ಮುಂದೆ ಐದು ನಿಮಿಷ ಚರ್ಚೆಯಾಯಿತು. ಕೊನೆಗೆ ಏಳೂ ಜನ ಕಾಮಶೇತ್‌ ದಾರಿ ಹಿಡಿದೆವು.

ಹೊರಡುವ ಮುನ್ನ, ಉಪ್ಪು ಸಕ್ಕರೆ ನೀರು ಕುಡಿಯುತ್ತ ಅವನು ‘ಈ ಹೊಳಿ ಎಲ್ಲಿಗೆ ಹೋಗ್ತದ್ರಿ?’ ಎಂದು ಕೇಳಿದ. ಪವನಾ ದಾಪೋಡಿಯಲ್ಲಿ ಮುಳಾ ನದಿಗೆ ಸೇರುತ್ತದೆ, ಪುಣೆಯ ಸಂಗಮದಲ್ಲಿ ಮುಳಾ ಮುಠಾ ಕೂಡುತ್ತವೆ, ಮುಂದೆ ಎರಡೂ ಭೀಮೆಗೆ ಬೀಳುತ್ತವೆ. ಭೀಮೆ ಉಜನಿ ಜಲಾಶಯ ದಾಟಿ ಅವನದೇ ತಾಲ್ಲೂಕಿನ ಗಾಣಗಾಪುರದ ಪಕ್ಕ ಹರಿಯುತ್ತದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಹಂಗಾದ್ರ ಇದು ನಮ್ಮ ಹೊಳೀನ’ ಎಂದ.

ಹೊರನಾಡಿನಲ್ಲಿ ನಾವು ತಂಡ, ಸಂಘ ಕಟ್ಟುತ್ತೇವೆ. ಹೊಸಬರಿಗಾಗಿ ಕಾಯುತ್ತೇವೆ ಎಂದೂ ಹೇಳಿಕೊಳ್ಳುತ್ತೇವೆ. ಅವರು ಬಂದು ಸೇರಿದ ಮೇಲೆ ಉಸಿರಾಡಲು ಹತ್ತು ನಿಮಿಷ ಕೊಡುತ್ತೇವೆಯೇ? ದುಧಿವರೆ ಖಿಂಡ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಚಳಿಗಾಲಕ್ಕೆ ಅದನ್ನು ಹತ್ತುವ ದಿನ ಗೊತ್ತುಮಾಡುವ ಕೆಲಸ ಆ ಹುಡುಗನದು.