ಎಡಿನ್‌ಬರೋದ ಹೂಗಡಿಯಾರ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದ ಪ್ರಿನ್ಸಸ್ ಸ್ಟ್ರೀಟ್ ಉದ್ಯಾನದಲ್ಲಿ 1903ರಿಂದ ಇರುವ ಹೂಗಡಿಯಾರವು ಜಗತ್ತಿನಲ್ಲಿ ಈ ಬಗೆಯ ಅತಿ ಹಳೆಯ ಗಡಿಯಾರಗಳಲ್ಲಿ ಒಂದು. ಬೇರೆ ಬೇರೆ ಗಿಡಗಳ ಹೂ ಅರಳುವ ಮತ್ತು ಮುಚ್ಚುವ ವೇಳೆಯನ್ನು ಗಮನಿಸಿ ಗಂಟೆಯನ್ನು ಗುರುತಿಸಬಹುದೆಂದು ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1751ರಲ್ಲಿಯೇ ಸೂಚಿಸಿದ್ದರಾದರೂ, ಎಡಿನ್‌ಬರೋದಲ್ಲಿ ಹೊತ್ತನ್ನು ಅಳೆಯುವುದು ಯಂತ್ರವೇ; ಗಿಡಗಳಿಂದಾದದ್ದು ಅದರ ಮುಖಫಲಕ ಮತ್ತು ಮುಳ್ಳುಗಳು.

ನಗರದ ಉದ್ಯಾನಗಳ ಮೇಲ್ವಿಚಾರಕರಾಗಿದ್ದ ಜಾನ್ ಮ್ಯಾಕ್‌ಹ್ಯಾಟಿ ಇದನ್ನು ಯೋಜಿಸಿದರು. ಜೇಮ್ಸ್ ರಿಚಿ ಅಂಡ್ ಸನ್ ಎಂಬ ಗಡಿಯಾರ ತಯಾರಕರು, ಫೈಫ್ ಪ್ರಾಂತ್ಯದ ಈಲಿ ಎಂಬ ಊರಿನ ಚರ್ಚಿನಿಂದ ಕಳಚಿ ತಂದ ಹಳೆಯ ಯಂತ್ರವನ್ನು ಕವಿ ಅಲನ್ ರಾಮ್ಸೆಯ ಪ್ರತಿಮೆಯ ಪೀಠದೊಳಗೆ ಅಳವಡಿಸಿದರು. ಮೊದಲ ವರ್ಷ ಗಂಟೆಯ ಮುಳ್ಳೊಂದೇ ಇದ್ದು, ನಿಮಿಷದ ಮುಳ್ಳು 1904ರಲ್ಲಿ ಬಂದಿತು. ಕಾಲು ಗಂಟೆಗೊಮ್ಮೆ ಕೂಗುವ ಕುಕ್ಕೂ ಹಕ್ಕಿ ಆಮೇಲಿನ ಸೇರ್ಪಡೆ. ದಿನವೂ ಕೀಲಿ ಕೊಡಬೇಕಾಗಿದ್ದ ಈ ಗಡಿಯಾರ 1973ರಿಂದ ವಿದ್ಯುತ್ ಮೋಟಾರಿನಿಂದ ನಡೆಯುತ್ತಿದೆ.

ಯಂತ್ರಕ್ಕಿಂತಲೂ ಹೆಚ್ಚು ಗಮನಕ್ಕೆ ಅರ್ಹವಾದುದು ತೋಟಗಾರರ ದುಡಿಮೆ. ಸುಮಾರು 12 ಅಡಿ ವ್ಯಾಸದ ಫಲಕವನ್ನೂ ಅದರ ಸುತ್ತಲಿನ ಚಿತ್ತಾರವನ್ನೂ ತುಂಬಲು 35,000ದಷ್ಟು ಗಿಡಗಳು ಬೇಕಾಗುತ್ತವೆ. ನೆಲಕ್ಕೆ ಅಂಟಿದಂತೆ ದಟ್ಟವಾಗಿ ಬೆಳೆಯುವ ಸೀಡಮ್, ಎಚೆವೇರಿಯಾದಂತಹ ಕುಳ್ಳ ಸಸ್ಯಗಳನ್ನು ಒತ್ತೊತ್ತಾಗಿ ನೆಟ್ಟು ಜಮಖಾನೆಯಂತೆ ವಿನ್ಯಾಸ ಮೂಡಿಸುವ ಈ ಪದ್ಧತಿ ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟನ್ನಿನಲ್ಲಿ ಬಹಳ ಜನಪ್ರಿಯವಾಗಿತ್ತು. ಹೂವಿನ ಹೆಸರು ಹೊತ್ತಿದ್ದರೂ ಇಂತಹ ಚಿತ್ತಾರಕ್ಕೆ ಹೆಚ್ಚಿನ ಬಣ್ಣ ಬರುವುದು ಎಲೆಗಳಿಂದ. ಮುಳ್ಳುಗಳೂ ಮಣ್ಣು ತುಂಬಿ ಗಿಡ ನೆಟ್ಟ ಲೋಹದ ತೊಟ್ಟಿಗಳೇ ಆಗಿದ್ದು, 8 ಅಡಿ ಉದ್ದದ ನಿಮಿಷದ ಮುಳ್ಳು ಗಿಡಗಳೊಂದಿಗೆ ಸುಮಾರು 36 ಕಿಲೋ ತೂಗುತ್ತದೆ. ಫಲಕ ಇಳಿಜಾರಿನಲ್ಲಿರುವುದರಿಂದ ಈ ಭಾರವನ್ನು ಯಂತ್ರ ಅರ್ಧ ಸುತ್ತು ಮೇಲಕ್ಕೆ ಎತ್ತಬೇಕು. ಮಳೆಗೆ ಮಣ್ಣು ನೆನೆದರೆ ಹೊರೆ ಇನ್ನಷ್ಟು. ಕೆಳಗಿನ ಚಿಗುರು ಎತ್ತರಕ್ಕೆ ಬೆಳೆದು ಮುಳ್ಳಿಗೆ ತಡೆಯಾಗದಂತೆ ಆಗಾಗ ಕತ್ತರಿಯಾಡಿಸಬೇಕಾಗುವುದರಿಂದ, ಗಡಿಯಾರ ಸರಿಯಾದ ಹೊತ್ತು ತೋರಿಸುವುದರಲ್ಲಿ ತೋಟಗಾರನ ಪಾಲು ಯಂತ್ರತಜ್ಞನ ಪಾಲಿಗಿಂತ ಕಡಿಮೆಯದೇನೂ ಅಲ್ಲ.

1946ರಿಂದ ಈಚೆಗೆ ಪ್ರತಿವರ್ಷವೂ ಯಾವುದಾದರೊಂದು ಸಂಸ್ಥೆಯ ಅಥವಾ ಸಂದರ್ಭದ ಗೌರವಾರ್ಥ ವಿನ್ಯಾಸವನ್ನು ಬದಲಿಸುವ ರೂಢಿ ಬೆಳೆದಿದೆ. ಇದೇ ಬಗೆಯ ಗಡಿಯಾರಗಳು ಮುಂದೆ ಹಲವು ದೇಶಗಳಲ್ಲಿ ತಲೆಯೆತ್ತಿದವು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಎಚ್‌ಎಂಟಿ ನಿರ್ಮಿಸಿದ ಹೂಗಡಿಯಾರದ ವ್ಯಾಸ 7 ಮೀಟರ್, ಅಂದರೆ ಎಡಿನ್‌ಬರೋದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಸ್ಕಾಟ್ಲೆಂಡಿನ ಚಳಿಯಿಂದಾಗಿ ಅಲ್ಲಿ ಗಿಡಗಳು ಕಳೆಗಟ್ಟುವುದು ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಮಾತ್ರ. ಹಿಮ ಬೀಳದ ಬೆಂಗಳೂರಿನಲ್ಲಿ ಅಂತಹ ಬಿಡುವಿಲ್ಲ, ಆದ್ದರಿಂದ ಕತ್ತರಿಯ ಕೆಲಸವೂ ವರ್ಷವಿಡೀ ಇರುತ್ತದೆ.